ತತ್ವಶಾಸ್ತ್ರ ಓದಿ ಏನು ಮಾಡ್ತಾಳೆ?

ಜಮಖಂಡಿ ತಾಲೂಕಿನ ರೈತರೊಬ್ಬರು ಪತ್ರ ಬರೆದಿದ್ದಾರೆ. ಮಗಳು ಆರ್ಟ್ಸ್‌ನಲ್ಲಿ ಪಿಯುಸಿ ಮುಗಿಸಿದ್ದಾಳೆ, ಅಂಕ ಚೆನ್ನಾಗಿ ಬಂದಿವೆ. ಬಿ.ಎ.ಗೆ ತತ್ವಶಾಸ್ತ್ರವೇ ಬೇಕು ಅಂತ ಹಟ ಹಿಡಿದಿದ್ದಾಳೆ. “ಮಠ ಸೇರ್ತಾಳೇನು ಅಂತ ಮಂದಿ ಕೇಳ್ತಾರ್ರೀ. ನಾಳೆ ಹೊಟ್ಟೆಗೆ ಏನು? ಬಿ.ಎಡ್. ಮಾಡಿ ಟೀಚರ್ ಆದ್ರೂ ಆಗ್ತಾಳಾ?” ಎಂಬುದು ಅವರ ಚಿಂತೆ.

ಸಂಪಾದಕರ ಉತ್ತರ:

ನಮಸ್ಕಾರ. ಓದಿಸಿ ಅಂತಲೇ ನನ್ನ ಸಲಹೆ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಅಲ್ಲೇ ತೊಡಕಿರುವುದು. ಹೈಸ್ಕೂಲಿನಲ್ಲಿ ತತ್ವಶಾಸ್ತ್ರ ಅನ್ನೋ ವಿಷಯವೇ ಇಲ್ಲ. ಅದೊಂದನ್ನೇ ನಂಬಿ ಬಿ.ಎಡ್. ಕಡೆ ಹೋದರೆ ಕಷ್ಟ. ಶಾಲೆಯಲ್ಲಿ ಕಲಿಸುವ ವಿಷಯಗಳು, ಇತಿಹಾಸವೋ ಇಂಗ್ಲಿಷೋ, ಜೊತೆಗಿರಲಿ. ಪಿಯುಸಿಯಲ್ಲಿ ತರ್ಕಶಾಸ್ತ್ರ ಇದೆ ನಿಜ. ಅದನ್ನು ಕಲಿಸಲು ಎಂ.ಎ. ಬೇಕು, ಹುದ್ದೆಗಳೂ ಕಡಿಮೆ.

ಇನ್ನು ಮಠದ ಮಾತು. ಆ ಮಂದಿಗೆ ನಿಮ್ಮೂರಿನ ಕಡೆಯವರನ್ನೇ ನೆನಪಿಸಿ. ಗುರುದೇವ ರಾನಡೆಯವರು ಹುಟ್ಟಿದ್ದು ಜಮಖಂಡಿಯಲ್ಲಿ, 1886ರಲ್ಲಿ. ಶಾಲೆ ಕಲಿತದ್ದೂ ಅಲ್ಲೇ. ಪುಣೆ, ಸಾಂಗ್ಲಿಗಳಲ್ಲಿ ಪಾಠ ಮಾಡಿ, ಅಲಹಾಬಾದ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರಾದರು. ಮುಂದೆ ಅಲ್ಲಿನ ಕುಲಪತಿಯೂ ಆದರು. ಉಪನಿಷತ್ತುಗಳ ಮೇಲಿನ ಅವರ ದೊಡ್ಡ ಪುಸ್ತಕ 1926ರಲ್ಲಿ ಬಂತು. ಗ್ರೀಕ್ ಚಿಂತಕರ ಮೇಲೂ ಬರೆದರು. ನಿಂಬಾಳದಲ್ಲಿ ಆಶ್ರಮ ಮಾಡಿಕೊಂಡಿದ್ದ ಭಕ್ತರು ಅವರು, ಆದರೆ ಸಂಬಳ ಎಣಿಸಿದ್ದು ಮೇಷ್ಟ್ರಾಗಿ. ಬೆಳಗಾವಿಯ ಹಿಂದವಾಡಿಯಲ್ಲಿ ಅವರ ಹೆಸರಿನ ಮಂದಿರವಿದೆ, ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ.

ತರಗತಿಯಲ್ಲಿ ಏನು ನಡೆಯುತ್ತದೆ ಅಂತ ಗೊತ್ತಾದರೆ ನಿಮ್ಮ ಭಯ ಅರ್ಧ ಇಳಿಯಬಹುದು. ಗುಡ್ಡದ ಮೇಲೆ ಹೊಗೆ ಕಾಣುತ್ತದೆ. ಬೆಂಕಿ ಇದೆ ಅಂತೀವಿ. ಹಾಗನ್ನಲು ನಮಗೇನು ಆಧಾರ? ತರ್ಕಕ್ಕೆ ಹೆಸರಾದ ನಮ್ಮ ಹಳೆಯ ಚಿಂತನಾ ಪಂಥ ನ್ಯಾಯ ದರ್ಶನದವರು ಇದನ್ನು ಐದು ಹೆಜ್ಜೆಗಳಲ್ಲಿ ಬಿಡಿಸಿ ತೋರಿಸುತ್ತಾರೆ. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಚಾರ್ವಾಕರು ತಡೆಯುತ್ತಾರೆ: ಇಲ್ಲಿಯವರೆಗೆ ಹೊಗೆ ಇದ್ದಲ್ಲೆಲ್ಲ ಬೆಂಕಿ ಕಂಡಿರಬಹುದು, ಎಲ್ಲಾ ಕಾಲಕ್ಕೂ ಹಾಗೇ ಅಂತ ಹೇಗೆ ಹೇಳ್ತೀರಿ? ಹದಿನೆಂಟನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೂಡ ಹೆಚ್ಚುಕಡಿಮೆ ಇದನ್ನೇ ಕೇಳಿದ. ನಿಮ್ಮ ಮಗಳು ಎರಡೂ ಕಡೆಯ ವಾದವನ್ನು ಅವರವರಿಗೆ ಒಪ್ಪಿಗೆಯಾಗುವಂತೆ ಬರೆದು, ಆಮೇಲೆ ತನ್ನ ಮಾತು ಹೇಳಬೇಕು. ಸುಮ್ನೆ ಬಾಯಿಪಾಠ ಮಾಡಿದರೆ ಇದು ಬರುವುದಿಲ್ಲ.

ಕಬ್ಬಿನ ದರಕ್ಕೆ ಹೋರಾಟ ಆದಾಗ ಯಾವ ದರ ನ್ಯಾಯ ಅಂತ ನೀವೂ ಕೇಳ್ತೀರಿ, ಅಲ್ವಾ? ರೈತನ ಖರ್ಚು ನೋಡಬೇಕಾ, ಕಾರ್ಖಾನೆಯ ಲಾಭ ನೋಡಬೇಕಾ, ಕಟಾವು ಮಾಡುವವರ ಕೂಲಿ ಯಾರ ಲೆಕ್ಕಕ್ಕೆ? ರಾಜಕೀಯ ತತ್ವಶಾಸ್ತ್ರ ಅಂದರೆ ಇಂಥ ಪ್ರಶ್ನೆಗಳೇ. ಇದು ಹೊಲ ಬಿಟ್ಟು ದೂರದ ವಿದ್ಯೆ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಈಗ ಹೊಟ್ಟೆಯ ಮಾತು. ಬಿ.ಎ. ಒಂದರಿಂದಲೇ ಕೆಲಸ ಸಿಗುವುದು ಕಷ್ಟ, ಮುಂದೆ ಇನ್ನೊಂದು ಓದು ಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ದಾರಿ ಕಾನೂನು. ಯಾವ ಪದವಿ ಆದರೂ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬಹುದು. ಎದುರಾಳಿಯ ವಾದದ ಬಿರುಕು ಹುಡುಕಲು ಕಲಿತವಳಿಗೆ ಕೋರ್ಟು ಹೊಸದೆನಿಸುವುದಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿ, ಕಾಲೇಜು ಮೇಷ್ಟ್ರಾಗಲು ಇರುವ ಅರ್ಹತಾ ಪರೀಕ್ಷೆ ನೆಟ್ ಬರೆಯಬೇಕು. ಅದು ಉದ್ದದ ದಾರಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ತತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತಗೊಂಡರೆ 500 ಅಂಕ. 2013ರಿಂದ ನೀತಿಶಾಸ್ತ್ರದ್ದೇ 250 ಅಂಕದ ಪತ್ರಿಕೆ ಎಲ್ಲರಿಗೂ ಇದೆ. ಹಾಗಂತ ಆ ಪರೀಕ್ಷೆಗೋಸ್ಕರ ಮಾತ್ರ ಈ ವಿಷಯ ತಗೋಬಾರದು, ಪಾಸಾಗದವರೇ ಜಾಸ್ತಿ.

ಆಸ್ಪತ್ರೆಯಲ್ಲೂ ಈ ಓದಿಗೆ ಜಾಗ ಇದೆ. ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಮೊದಲು ಒಂದು ನೈತಿಕ ಸಮಿತಿ ಒಪ್ಪಬೇಕು. 2019ರ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ 7 ಜನ ಇರಬೇಕು. ವೈದ್ಯರಲ್ಲದವರೂ ಬೇಕು, ತತ್ವಶಾಸ್ತ್ರ ಬಲ್ಲವರನ್ನೂ ತಗೋಬಹುದು. ಇದು ಸಂಬಳದ ನೌಕರಿಯಲ್ಲ. ಬಡ ರೋಗಿ ಸಹಿ ಹಾಕುವ ಕಾಗದ ಅವನಿಗೆ ತಿಳಿಯುವಂತಿದೆಯಾ ಅಂತ ಕೇಳುವ ಜವಾಬ್ದಾರಿ.

ಅರ್ಜಿ ಹಾಕುವ ಮೊದಲು ಇಬ್ಬರೂ ಕಾಲೇಜಿಗೆ ಹೋಗಿ ಬನ್ನಿ. ತತ್ವಶಾಸ್ತ್ರಕ್ಕೆ ಕಾಯಂ ಮೇಷ್ಟ್ರು ಇದ್ದಾರಾ, ಗ್ರಂಥಾಲಯದಲ್ಲಿ ಕನ್ನಡದ ಪುಸ್ತಕಗಳು ಇವೆಯಾ, ಜೊತೆಗೆ ಯಾವ ವಿಷಯ ತಗೊಳ್ಳಲು ಬಿಡ್ತಾರೆ ಅಂತ ವಿಚಾರಿಸಿ. ಮೇಷ್ಟ್ರಿಲ್ಲದಿದ್ದರೆ ಆ ಕಾಲೇಜು ಬೇಡ, ಹಾಸ್ಟೆಲ್ ಖರ್ಚು ಬಂದರೂ ಧಾರವಾಡದ ಕಡೆ ನೋಡಿ.