‘ಆತಂಕ’ ಎಂದು ಬರೆದ ಚೀಟಿ

68 ವರ್ಷದ ಈ ಮಹಿಳೆ (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ) ನನ್ನ ಬಳಿಗೆ ಬಂದದ್ದು ‘ಆತಂಕ, ಆಪ್ತಸಲಹೆಗೆ’ ಎಂದು ವೈದ್ಯರೊಬ್ಬರು ಬರೆದುಕೊಟ್ಟ ಚೀಟಿಯೊಂದಿಗೆ. ಹೃದಯದಿಂದ ಮೈಗೆಲ್ಲ ರಕ್ತ ಹೊರಬಿಡುವ ಮಹಾಪಧಮನಿಯ ಕವಾಟ ಕಿರಿದಾಗಿರುವುದು ಮೊದಲೇ ಗೊತ್ತಿತ್ತು. ಆದರೆ ಅದು ಮಧ್ಯಮ ಪ್ರಮಾಣದ್ದು, ಏದುಸಿರಿಗೂ ಸುಸ್ತಿಗೂ ವಯಸ್ಸು ಮತ್ತು ಚಿಂತೆಯೇ ಕಾರಣ ಎಂದು ಅವರಿಗೆ ಹೇಳಲಾಗಿತ್ತು. ನಾನೂ ಅದನ್ನೇ ನಂಬಿ ಎರಡು ಭೇಟಿಗಳನ್ನು ಉಸಿರಾಟದ ಅಭ್ಯಾಸದಲ್ಲೇ ಕಳೆದೆ.

ಮೂರನೆಯ ಭೇಟಿಯ ದಿನ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲಿನ ತಿರುವಿನಲ್ಲಿ ಅವರು ನಿಂತುಕೊಂಡು ಕೈಚೀಲದಲ್ಲಿ ಏನನ್ನೋ ತಡಕಾಡುತ್ತಿದ್ದರು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ. ‘ಏನೂ ಇಲ್ಲ ಮೇಡಂ, ಹೀಗೆ ಹುಡುಕುತ್ತಾ ನಿಂತರೆ ಯಾರೂ ಏನಾಯಿತು ಅಂತ ಕೇಳುವುದಿಲ್ಲ’ ಎಂದರು. ಕುಳಿತಾಗ ಕಾಡದೆ ಮೆಟ್ಟಿಲು ಹತ್ತುವಾಗ ಮಾತ್ರ, ಅದೂ ಪ್ರತಿಸಲವೂ ತಪ್ಪದೆ ಬರುವ ಈ ಉಬ್ಬಸವನ್ನು ಆತಂಕದ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಾಗಲಿಲ್ಲ.

ಅವರ ಒಪ್ಪಿಗೆ ಪಡೆದು ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯನ್ನು ಪರಿಚಯದ ಹೃದ್ರೋಗ ತಜ್ಞರಿಗೆ ತೋರಿಸಿದೆ. ಕವಾಟದ ವಿಸ್ತೀರ್ಣ 0.8 ಚದರ ಸೆಂಟಿಮೀಟರ್, ಅಂದರೆ ತೀವ್ರ. ಕವಾಟದ ಆಚೀಚೆಗಿನ ಸರಾಸರಿ ಒತ್ತಡದ ಅಂತರವೋ 28 ಮಿ.ಮೀ. ಪಾದರಸ, ತೀವ್ರವೆನ್ನಲು ಅದು 40 ಮುಟ್ಟಬೇಕು. ಹೆಂಗಸರಲ್ಲಿ ಈ ಗೊಂದಲ ಹೆಚ್ಚು ಎಂದು ತಜ್ಞರು ವಿವರಿಸಿದರು. ಹೆಂಗಸರ ಎಡ ಹೃತ್ಕುಕ್ಷಿ, ಅಂದರೆ ರಕ್ತವನ್ನು ಮೈಗೆ ಒತ್ತುವ ಕೋಣೆ, ಚಿಕ್ಕದು, ರೋಗದಿಂದ ಗೋಡೆ ದಪ್ಪವಾದಾಗ ಒಳಗಿನ ಜಾಗ ಇನ್ನೂ ಕುಗ್ಗುತ್ತದೆ. ಹೃದಯದ ಸಂಕೋಚನ ಚೆನ್ನಾಗಿದೆಯೆಂದು ವರದಿ ಹೇಳಿದರೂ ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆ, ಹಾಗಾಗಿ ಒತ್ತಡದ ಅಂತರವೂ ಕಡಿಮೆಯೇ ಕಾಣುತ್ತದೆ.

ನಾನು ಅವರಿಗೆ ಕೊಟ್ಟ ಸಲಹೆ ಇಷ್ಟು: ಕವಾಟ ತಜ್ಞರನ್ನು ಕಂಡು, ಈ ಗೊಂದಲ ಬಗೆಹರಿಸಲು ಸಿಟಿ ಸ್ಕ್ಯಾನ್‌ನಿಂದ ಕವಾಟದ ಕ್ಯಾಲ್ಸಿಯಂ ಅಳೆಯಬಹುದೇ ಎಂದು ಕೇಳಿ; ‘ಸುಸ್ತು’ ಎಂಬ ಒಂದೇ ಮಾತಿನಲ್ಲಿ ಮುಗಿಸದೆ, ಹೋದ ವರ್ಷ ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸಗಳನ್ನು ಬರೆದುಕೊಂಡು ಹೋಗಿ. ಕ್ಯಾಲ್ಸಿಯಂ ಸ್ಕೋರ್ 1,540 ಬಂತು. ಗಂಡಸರಲ್ಲಿ ರೋಗ ತೀವ್ರವಿರಬಹುದೆಂದು ಭಾವಿಸಲು 2,000 ದಾಟಬೇಕು, ಹೆಂಗಸರಲ್ಲಿ 1,200 ಸಾಕು. ಏಕೆಂದರೆ ಅವರ ಕವಾಟ ಸುಣ್ಣಗಟ್ಟುವುದಕ್ಕಿಂತ ನಾರುಗಟ್ಟಿ ಬಿಗಿಯಾಗುವುದೇ ಹೆಚ್ಚು. ಗಂಡಸರ ಅಳತೆಗೋಲನ್ನೇ ಹಿಡಿದಿದ್ದರೆ ಈಕೆ ಮತ್ತೆ ನನ್ನ ಕೋಣೆಗೇ ಬರುತ್ತಿದ್ದರು.

ಮುಂದಿನ ಪ್ರಶ್ನೆ ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯೋ, ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ಟಾವಿಯೋ ಎಂಬುದು. ಮಹಿಳೆಯರನ್ನು ಮಾತ್ರ ಒಳಗೊಂಡ ರೇಯಾ ಎಂಬ ಯುರೋಪಿನ ಪ್ರಯೋಗದಲ್ಲಿ, ಒಂದು ವರ್ಷದೊಳಗೆ ಸಾವು, ಪಾರ್ಶ್ವವಾಯು ಅಥವಾ ಮರುದಾಖಲಾತಿ ಕಂಡವರು ಟಾವಿ ಗುಂಪಿನಲ್ಲಿ ಶೇ. 8.9, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 15.6. ಆದರೆ ಟಾವಿಯಲ್ಲಿ ರಕ್ತನಾಳಕ್ಕೆ ಗಾಯವಾಗುವ, ರಕ್ತಸ್ರಾವವಾಗುವ ಅಪಾಯ ಹೆಂಗಸರಿಗೆ ಹೆಚ್ಚು. ನಿರ್ಧಾರ ನನ್ನದಲ್ಲ; ವೈದ್ಯರಿಗೆ ಕೇಳಬೇಕಾದ ಎರಡು ಪ್ರಶ್ನೆಗಳನ್ನು ಮಾತ್ರ ಸಿದ್ಧಪಡಿಸಿಕೊಟ್ಟೆ: ನನ್ನ ಕವಾಟದ ಉಂಗುರ ಎಷ್ಟು ಚಿಕ್ಕದು, ಅದರಲ್ಲಿ ಕೂರುವ ಹೊಸ ಕವಾಟ ನನ್ನ ಮೈಗೆ ಸಾಕಾಗುವಷ್ಟು ದೊಡ್ಡದೇ?

ಟಾವಿ ಆಯಿತು, ಮೆಟ್ಟಿಲ ತಿರುವಿನ ತಡಕಾಟ ನಿಂತಿತು. ರಾತ್ರಿ ದೀಪ ಆರಿಸಿದ ಮೇಲೆ ತಮ್ಮ ಎದೆಬಡಿತವನ್ನೇ ಆಲಿಸುತ್ತಾ ಎಚ್ಚರವಿರುವ ಅಭ್ಯಾಸ ಮಾತ್ರ ಉಳಿದಿದೆ. ಅದಕ್ಕಾಗಿ ಈಗ ಹದಿನೈದು ದಿನಕ್ಕೊಮ್ಮೆ ಭೇಟಿಯಾಗುತ್ತಿದ್ದೇವೆ.