ಗೇಮಿಗೆ ಇನ್ನಷ್ಟು ಹಳೇ ಆಯುಧ ಬೇಕು, ಯಾವುದು ಹಾಕೋಣ?

ಪ್ರಶ್ನೆ: ಸರ್, ನಾವು ಹುಬ್ಬಳ್ಳಿಯಲ್ಲಿ ಬಿಸಿಎ ಓದುವ ಮೂವರು ಗೆಳೆಯರು. ಕಂಪ್ಯೂಟರಿಗೆ ಒಂದು ಗೇಮ್ ಮಾಡುತ್ತಿದ್ದೇವೆ. ಕಥೆ 12ನೇ ಶತಮಾನದ ಕೊನೆಯದು. ಸೊರಟೂರು, ಗದಗ, ಹಾನಗಲ್ಲು ಸುತ್ತಮುತ್ತ ನಡೆಯುತ್ತದೆ. ಈಗ ಅದರಲ್ಲಿ ಕತ್ತಿ, ಬಿಲ್ಲು, ಈಟಿ, ಗುರಾಣಿ ಇಷ್ಟೇ ಇವೆ. ಆಡಿ ನೋಡಿದವರೆಲ್ಲ "ಆಯುಧ ಸಾಲಲ್ಲ, ಇನ್ನೂ ಹಾಕ್ರಿ" ಅಂತಾರೆ. ನೆಟ್‌ನಲ್ಲಿ ಹುಡುಕಿ ಉದ್ದನೆಯ ಪಟ್ಟಿ ಮಾಡಿದ್ದೇವೆ: ಕಠಾರಿ, ಉರುಮಿ, ತಲವಾರ್, ಎರಡು ಕೈಯ ದೊಡ್ಡ ಕತ್ತಿ, ಸರಪಳಿಗೆ ಮುಳ್ಳುಗುಂಡು ಕಟ್ಟಿದ ಗದೆ, ಕೋವಿ, ಕಟಾನಾ ಕೂಡ. ಎಲ್ಲಾ ಹಾಕೋಣವೇ?

ಉತ್ತರ: ತಮ್ಮಂದಿರಾ, ಮೊದಲು ನಿಮಗೆ ಶಹಬ್ಬಾಸ್. 1190ರ ಸುಮಾರಿಗೆ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ದೇವಗಿರಿಯ ಸೇವುಣರ ಐದನೇ ಭಿಲ್ಲಮನನ್ನು ಸೋಲಿಸಿದ್ದು ಸೊರಟೂರಿನಲ್ಲಿ. ಗದಗಿನ ಪಕ್ಕದ ಊರು ಅದು. ಆ ದಾರಿಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವ ಎಷ್ಟೋ ಜನರಿಗೆ ಈ ವಿಷಯ ಗೊತ್ತಿಲ್ಲ. ನಿಮ್ಮ ಗೇಮಿನಿಂದ ಒಂದಷ್ಟು ಹುಡುಗರಿಗೆ ಗೊತ್ತಾದರೆ ಅದಕ್ಕಿಂತ ಇನ್ನೇನು ಬೇಕು.

ಈಗ ಪಟ್ಟಿಗೆ ಬರೋಣ. ಅರ್ಧಕ್ಕಿಂತ ಜಾಸ್ತಿ ಹೊಡೆದು ಹಾಕಿ. ಕಟಾನಾ ಜಪಾನಿನದು, ಅದರ ಮಾತೇ ಬೇಡ. ಆಳೆತ್ತರದ ಎರಡು ಕೈಯ ಕತ್ತಿ 16ನೇ ಶತಮಾನದ ಜರ್ಮನ್ ಕೂಲಿ ಸೈನಿಕರದು. ದುಂಡು ತಟ್ಟೆಯ ಹಿಡಿಕೆ, ಬಾಗಿದ ಅಲಗು ಇರುವ ತಲವಾರ್ ಮೊಘಲರ ಕಾಲದಲ್ಲಿ ಮನೆಮಾತಾದದ್ದು. ಮುಷ್ಟಿಯಲ್ಲಿ ಅಡ್ಡ ಹಿಡಿದು ನೇರ ಚುಚ್ಚುವ ಕಠಾರಿ ವಿಜಯನಗರದ ಕಾಲಕ್ಕೆ ಚೆನ್ನಾಗಿ ಹೊಂದುತ್ತದೆ, ನಿಮ್ಮ ಕಾಲಕ್ಕೆ ಅಲ್ಲ. ಕೋವಿ ಹಾಕಬೇಕು ಅಂದ್ರೆ ಕಥೆಯನ್ನು 1520ರ ರಾಯಚೂರು ಕದನಕ್ಕೆ ಒಯ್ಯಬೇಕಾಗುತ್ತದೆ. ಅಲ್ಲಿ ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಕೋವಿಯವರು ಇದ್ದರು. ಇನ್ನು ಮುಳ್ಳುಗುಂಡಿನ ಗದೆ. ಅದು ಯುರೋಪಿನಲ್ಲೇ ಎಷ್ಟರಮಟ್ಟಿಗೆ ಬಳಕೆಯಲ್ಲಿತ್ತು ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. 15ನೇ ಶತಮಾನದಲ್ಲಿ ಬೊಹೆಮಿಯಾದ, ಅಂದರೆ ಈಗಿನ ಚೆಕ್ ನಾಡಿನ, ಹುಸ್ಸೈಟ್ ಪಂಥದ ರೈತರು ಕಾಳು ಬಡಿಯುವ ಕೋಲಿಗೇ ಕಬ್ಬಿಣ ಬಡಿದು ಯುದ್ಧಕ್ಕೆ ಹೋದದ್ದು ಮಾತ್ರ ನಿಜ. ಆದರೆ ಅದು ಬೊಹೆಮಿಯಾ, ಹಾನಗಲ್ಲು ಅಲ್ಲ.

ಆಡಿದವರು "ಸಾಲಲ್ಲ" ಅಂದಿದ್ದು ಯಾಕೆ ಅಂತ ಸ್ವಲ್ಪ ಯೋಚಿಸಿ. ನೀವು ಕಳಿಸಿದ ವಿಡಿಯೋ ನೋಡಿದೆ. ಕತ್ತಿ ಬೀಸಿದರೂ ಅಷ್ಟೇ, ಈಟಿ ತಿವಿದರೂ ಅಷ್ಟೇ, ಎದುರಾಳಿಯ ಜೀವ ಒಂದಿಷ್ಟು ಕಡಿಮೆ ಆಗುತ್ತದೆ, ಮತ್ತೆ ಅದೇ ಬಟನ್. ಹೀಗಿರುವಾಗ ಇನ್ನೂ ಹತ್ತು ಆಯುಧ ಹಾಕಿ ಒಂದಕ್ಕೆ 40, ಇನ್ನೊಂದಕ್ಕೆ 42 ಅಂತ ಪೆಟ್ಟಿನ ಅಂಕಿ ಕೊಟ್ಟರೆ ಆಡುವವನು ದೊಡ್ಡ ಅಂಕಿ ಇರುವುದನ್ನು ಹಿಡಿದು ಉಳಿದದ್ದನ್ನೆಲ್ಲ ಬಿಸಾಕುತ್ತಾನೆ. ಒಂದು ಆಯುಧ ಒಳಗೆ ಬರಬೇಕಾದರೆ ಉಳಿದವುಗಳ ಕೈಲಿ ಆಗದ ಒಂದು ಕೆಲಸ ಅದರ ಕೈಲಿ ಆಗಬೇಕು, ಜೊತೆಗೆ ಅದಕ್ಕೊಂದು ಕಷ್ಟವೂ ಇರಬೇಕು. ಈಟಿ ಕುದುರೆಯನ್ನು ದೂರ ತಡೆಯುತ್ತದೆ, ಆದರೆ ಗುಡಿಯ ಸಣ್ಣ ಬಾಗಿಲಲ್ಲಿ ಅದನ್ನು ತಿರುಗಿಸೋಕೆ ಜಾಗ ಇರಲ್ಲ. ಗದೆ ಗುರಾಣಿ ಹಿಡಿದ ಕೈಯನ್ನೇ ಸುಸ್ತು ಮಾಡುತ್ತದೆ, ಆದರೆ ಒಂದು ಏಟು ತಪ್ಪಿದರೆ ಮುಂದಿನದಕ್ಕೆ ಹೊತ್ತು ಹಿಡಿಯುತ್ತದೆ. ಕೊಡಲಿ ಗುರಾಣಿಯ ಅಂಚನ್ನು ಎಳೆದು ಕೆಳಗಿಳಿಸುತ್ತದೆ. ಸುರಗಿ, ಅಂದರೆ ಸೊಂಟದ ಸಣ್ಣ ಬಾಕು, ಕೈಗೆ ಕೈ ಸಿಕ್ಕಾಗ ಮಾತ್ರ. ಕಡಿತ, ಇರಿತ, ಬಡಿತ ಅಂತ ಮೂರು ಬಗೆಯ ಪೆಟ್ಟು ಬೇರೆ ಮಾಡಿ, ಅಳತೆ, ವೇಗ, ಸುಸ್ತು ಇವನ್ನು ಬೇರೆ ಬೇರೆ ಇಡಿ. ಆಗ ಈಗಿರುವ ನಾಲ್ಕೇ ಆಯುಧ ಹೊಸದಾಗಿ ಕಾಣುತ್ತವೆ.

ಯಾವುದು ಹಾಕಬೇಕು ಅನ್ನೋದಕ್ಕೆ ನೆಟ್ ಯಾಕೆ ಬೇಕು? ನಿಮ್ಮ ಸುತ್ತಮುತ್ತ ಊರೂರಿಗೆ ವೀರಗಲ್ಲು ಇವೆ. ಹಾನಗಲ್ಲು ತಾಲ್ಲೂಕಿನ ಬಾಳಂಬೀಡಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ಮೇಲೆ ಲಿಂಗದ ಮುಂದೆ ಕೈಮುಗಿದ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಕೆಳಗೆ ಕಾಳಗ. ನಿಮ್ಮ ಕೆಲಸ ಆ ಕೆಳಗಿನ ಅಂಕಣದಲ್ಲಿ. ಅಲ್ಲಿ ಕುಕ್ಕರಗಾಲಲ್ಲಿ ಕೂತು ನಿಧಾನಕ್ಕೆ ನೋಡಿ. ಬಿಲ್ಲನ್ನು ಎಲ್ಲಿ ತನಕ ಎಳೆದಿದ್ದಾನೆ, ಬತ್ತಳಿಕೆ ಬೆನ್ನಿಗಿದೆಯೋ ಸೊಂಟಕ್ಕಿದೆಯೋ, ಕತ್ತಿ ನೆಟ್ಟಗಿದೆಯೋ ತುದಿಯಲ್ಲಿ ಅಗಲ ಆಗಿದೆಯೋ, ಗುರಾಣಿ ದುಂಡಗಿದೆಯೋ ಉದ್ದಕ್ಕಿದೆಯೋ. ಹೆಚ್ಚಿನ ಕಲ್ಲುಗಳಲ್ಲಿ ವೀರನ ಮೈಮೇಲೆ ಭಾರೀ ಕವಚ ಕಾಣಲ್ಲ. ಗುರಾಣಿ ಕಾಣುತ್ತದೆ. ಅದಕ್ಕೇ ನನ್ನ ಮಾತು ಕೇಳಿದರೆ, ಐದು ಬಗೆ ಕತ್ತಿ ಮಾಡುವ ಬದಲು ಎರಡು ಬಗೆ ಗುರಾಣಿ ಮಾಡಿ: ಕೈಗೆ ಹಗುರಾದ ಸಣ್ಣದು ಒಂದು, ಬಾಣ ತಡೆಯುವ ಉದ್ದನೆಯದು ಒಂದು. ಆಟದ ರುಚಿ ಅಲ್ಲಿಂದಲೇ ಬದಲಾಗುತ್ತದೆ.

ತುರುಗಾಳಗದ ಕಲ್ಲುಗಳನ್ನಂತೂ ಬಿಡಬೇಡಿ. ಹಸುಗಳನ್ನು ಹೊಡೆದುಕೊಂಡು ಹೋದವರ ಹಿಂದೆ ಬಿದ್ದು ಸತ್ತವರ ಕಲ್ಲುಗಳು ಅವು. ವೀರನ ಪಕ್ಕದಲ್ಲೇ ದನಗಳ ಸಾಲು ಕೆತ್ತಿರುತ್ತಾರೆ. ರಾಜನ ಯುದ್ಧ ಒಂದು ಕಡೆ ಇರಲಿ, ಊರಿನ ದನ ಬಿಡಿಸಿಕೊಂಡು ಬರುವ ಒಂದು ಹಂತ ನಿಮ್ಮ ಗೇಮಿನಲ್ಲಿ ಇದ್ದರೆ ಹೇಗಿರುತ್ತೆ! ದನಗಳ ನಡುವೆ ಬಾಣ ಬಿಡೋ ಹಾಗಿಲ್ಲ, ಬಿಟ್ಟರೆ ನಿಮ್ಮ ಊರಿನ ಹಸುವೇ ಸಾಯುತ್ತದೆ. ಈಟಿ, ಕೋಲು, ಕವಣೆ ಆಗ ಕೆಲಸಕ್ಕೆ ಬರುತ್ತವೆ.

ಕವಣೆ ಅಂದೆ ನೋಡಿ, ಅದು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದನ್ನು ನೋಡೋಕೆ ಮ್ಯೂಸಿಯಂ ಬೇಡ. ಜೋಳದ ಹೊಲದಲ್ಲಿ ಮಂಚಿಕೆ ಹತ್ತಿ ಹಕ್ಕಿ ಕಾಯ್ದ ಹಿರಿಯರು ಯಾರ ಮನೆಯಲ್ಲಾದರೂ ಇರುತ್ತಾರೆ, ಅವರ ಕೈಗೆ ಒಂದು ಹಗ್ಗ ಕೊಟ್ಟು ಕೇಳಿ. ಹಗ್ಗದ ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಅದೇ ಮುಷ್ಟಿಯಲ್ಲಿ, ನಡುವಿನ ಅಗಲ ಜಾಗದಲ್ಲಿ ಕಲ್ಲು. ತಲೆಯ ಮೇಲೆ ಒಂದೆರಡು ಸುತ್ತು ತಿರುಗಿಸಿ ಮುಷ್ಟಿಯ ತುದಿ ಬಿಟ್ಟರೆ ಚಟ್ ಅಂತ ಸದ್ದು ಬರುತ್ತದೆ, ಕಲ್ಲು ಹೊಲದ ಆ ಬದಿಗೆ ಹೋಗಿ ಬೀಳುತ್ತದೆ. ಆ ಸದ್ದನ್ನೇ ರೆಕಾರ್ಡ್ ಮಾಡಿಕೊಳ್ಳಿ, ಕೈ ತಿರುಗುವುದನ್ನು ಫೋನಿನಲ್ಲಿ ನಿಧಾನಗತಿಯಲ್ಲಿ ಹಿಡಿಯಿರಿ. ನಿಮ್ಮ ಅನಿಮೇಷನ್‌ಗೆ ಇದಕ್ಕಿಂತ ಒಳ್ಳೆ ಮಾದರಿ ದುಡ್ಡು ಕೊಟ್ಟರೂ ಸಿಗಲ್ಲ. ಸೈನಿಕನಲ್ಲದ ಹಳ್ಳಿಗನ ಕೈಗೆ ಅದನ್ನು ಕೊಡಿ, ಯಾರಾದರೂ ನಂಬುತ್ತಾರೆ.

ಮೂವರೇ ಇದ್ದೀರಿ, ಹೀಗಾಗಿ ಕೆಲಸದ ಲೆಕ್ಕವನ್ನೂ ನೋಡಬೇಕು. ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಒಂದು ಕತ್ತಿಯ ಆಕಾರ ಮಾಡೋದು ಸುಲಭ. ಕಷ್ಟ ಇರೋದು ಅದನ್ನು ಹಿಡಿದು ನಿಲ್ಲುವುದು, ನಡೆಯುವುದು, ಬೀಸುವುದು, ತಡೆಯುವುದು, ಪೆಟ್ಟು ತಿನ್ನುವುದು ಇದೆಲ್ಲಾ ಹೊಸದಾಗಿ ಮಾಡುವಾಗ. ಗದೆ ಮತ್ತು ಕೊಡಲಿ ಒಂದೇ ಚಲನೆಯನ್ನು ಹಂಚಿಕೊಳ್ಳಬಹುದು, ಉದ್ದ ಈಟಿ ಮತ್ತು ಕೋಲು ಇನ್ನೊಂದನ್ನು. ಉರುಮಿಗೆ ಇದ್ಯಾವುದೂ ಆಗಲ್ಲ. ಬಳುಕುವ ಅಲಗಿಗೆ ಎಲ್ಲಾ ಹೊಸದು ಬೇಕು, ಅಷ್ಟು ಮಾಡಿಯೂ ಅದು ಕೇರಳದ ಕಳರಿ ಕಾಳಗಕಲೆಯದು. ಬಿಟ್ಟುಬಿಡಿ.

ಇನ್ನೊಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದ ಅಂತ ಒಂದು ಭಾಗವೇ ಇದೆ. ಅಂಕವಿನೋದವೂ ಇದೆ, ಅಂಕಕಾರರು ಒಬ್ಬರಿಗೊಬ್ಬರು ಎದುರು ನಿಂತು ಸೆಣಸುವ ಆಟ. ನಿಮ್ಮ ಕಾಲಕ್ಕಿಂತ ಒಂದೆರಡು ತಲೆಮಾರು ಹಿಂದಿನದು, ನಿಮ್ಮ ನಾಡಿನದೇ. ಕಥೆ ಬೇಡ, ಸುಮ್ನೆ ಇಬ್ಬರು ಹೊಡೆದಾಡೋಣ ಅನ್ನುವ ಆಟಗಾರರಿಗೆ ಅಂಕದ ಕಣ ಒಂದನ್ನು ಮಾಡಿಕೊಡಿ. ಹೊಸ ಆಯುಧದ ಅಳತೆ ಸರಿ ಇದೆಯೋ ಇಲ್ಲವೋ ಅಂತ ನಿಮಗೂ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಗದಗಿನಲ್ಲಿ ಹೈಸ್ಕೂಲ್ ಮಾಸ್ತರ. ನಮ್ಮ ಮಕ್ಕಳು ಗೇಮ್ ನೋಡಿ ಹಳೇ ಕಾಲದ ಕತ್ತಿ ಹತ್ತು ಹದಿನೈದು ಕಿಲೋ ಇತ್ತು ಅಂತ ವಾದ ಮಾಡುತ್ತಾರೆ. ನಿಜವೇ?

ಉತ್ತರ: ಇಲ್ಲ ಮಾಸ್ತರೇ. ಯುರೋಪಿನ ಮಧ್ಯಯುಗದ ಒಂದು ಕೈಯ ಕತ್ತಿ ಸುಮಾರು ಒಂದು ಕಿಲೋ, ಅದಕ್ಕಿಂತ ಸ್ವಲ್ಪ ಜಾಸ್ತಿ. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿ ಕೂಡ ಸಾಮಾನ್ಯವಾಗಿ ಒಂದೂವರೆ ಕಿಲೋ ಆಸುಪಾಸು. ಹತ್ತು ಕಿಲೋದ ಕಬ್ಬಿಣ ಹಿಡಿದು ಯಾರೂ ದಿನವಿಡೀ ಕಾದಾಡಲ್ಲ. ಮೈತುಂಬಾ ತೊಡುವ ಉಕ್ಕಿನ ಕವಚವೇ 20ರಿಂದ 25 ಕಿಲೋ ಅಷ್ಟೇ ಇರುತ್ತಿತ್ತು, ಅದೂ ಇಡೀ ಮೈಗೆ ಹಂಚಿಹೋಗುತ್ತಿತ್ತು. ಮೆರವಣಿಗೆಗೆ ಅಂತ ಮಾಡಿದ ಭಾರದ ಕತ್ತಿಗಳು ಬೇರೆ, ಅವನ್ನು ನೋಡಿ ಜನ ಮೋಸ ಹೋಗುತ್ತಾರೆ. ನಿಜವಾಗಿ ಶಕ್ತಿ ಬೇಕಾಗಿದ್ದು ಬಿಲ್ಲಿಗೆ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಿಂದ ಸಿಕ್ಕ ಉದ್ದ ಬಿಲ್ಲುಗಳನ್ನು ಪೂರ್ತಿ ಎಳೆಯೋಕೆ 45 ಕಿಲೋದಿಂದ 80 ಕಿಲೋ ತನಕ ಬಲ ಬೇಕಿತ್ತು ಅಂತ ಅಂದಾಜು. ಗೇಮ್‌ಗಳಲ್ಲಿ ಇದು ಪೂರ್ತಿ ಉಲ್ಟಾ. ತೆಳ್ಳಗಿನ ಪಾತ್ರಕ್ಕೆ ಬಿಲ್ಲು, ದಪ್ಪ ತೋಳಿನವನಿಗೆ ಕತ್ತಿ! ನಿಮ್ಮ ಮಕ್ಕಳಿಗೆ ಇದನ್ನು ಹೇಳಿ ನೋಡಿ.

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ, ಏಜ್ ಆಫ್ ಎಂಪೈರ್ಸ್ 2 ಅನ್ನುವ ಕಂಪ್ಯೂಟರ್ ಗೇಮ್ ಆಡುತ್ತೇನೆ. ಅದರಲ್ಲಿ ದಕ್ಷಿಣದವರಿಗೆಲ್ಲ ಉರುಮಿ ಕೊಟ್ಟಿದ್ದಾರೆ. ಕನ್ನಡದ ಅರಸರಿಗೆ ಬೇರೆ ಆಯುಧ ಕೊಡಬೇಕಿತ್ತು ಅನ್ನಿಸುತ್ತೆ. ನಾನು ಹೇಳೋದು ತಪ್ಪಾ?

ಉತ್ತರ: ತಪ್ಪೇನಿಲ್ಲ ತಂಗಿ, ನನಗೂ ಹಾಗೇ ಅನ್ನಿಸುತ್ತದೆ. 1999ರ ಆಟ ಅದು. 2022ರಲ್ಲಿ ಅದಕ್ಕೆ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನುವ ಹೆಚ್ಚುವರಿ ಭಾಗ ಬಂದಾಗ ಬಂಗಾಳಿಗಳು, ದ್ರಾವಿಡರು, ಗುರ್ಜರರು ಅಂತ ಹೊಸದಾಗಿ ಸೇರಿಸಿದರು, ಮೊದಲಿದ್ದ ಇಂಡಿಯನ್ಸ್ ಹಿಂದೂಸ್ತಾನಿಗಳಾದರು. ದ್ರಾವಿಡರಿಗೆ ಉರುಮಿ ಹಿಡಿದ ಕಾಲಾಳು, ಸಮುದ್ರಕ್ಕೆ ತಿರಿಸಡೈ ಹಡಗು, ಕಥೆಗೆ ರಾಜೇಂದ್ರ ಚೋಳ. ಚೋಳರನ್ನು ಇಟ್ಟುಕೊಂಡು ಮಾಡಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಹಡಗು ಅವರಿಗೆ ಸರಿ. ಆದರೆ ಚಾಲುಕ್ಯರು, ಸೇವುಣರು, ಹೊಯ್ಸಳರು ಒಳನಾಡಿನಲ್ಲಿ ಕುದುರೆ, ಆನೆ, ಬಿಲ್ಲು ಹಿಡಿದು ಕಾದಾಡಿದವರು.

ಅದೇ ರಾಜೇಂದ್ರನ ದಂಡಯಾತ್ರೆಯ ಮಾತು ಶಿಗ್ಗಾವಿ ತಾಲ್ಲೂಕಿನ ಹೊಟ್ಟೂರಿನ 1007ರ ಶಾಸನದಲ್ಲಿ ಇದೆ. ಚೋಳ ಒಂಬತ್ತು ಲಕ್ಷ ಸೈನ್ಯ ತಂದ, ನಾಡು ಸುಲಿದ, ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ ಅಂತ ಅದು ಹೇಳುತ್ತದೆ. ಒಂಬತ್ತು ಲಕ್ಷ ಉತ್ಪ್ರೇಕ್ಷೆಯೇ ಇರಬೇಕು, ಆದರೆ ಆ ಹೆದರಿಕೆ ಸುಳ್ಳಲ್ಲ. ಗೇಮಿನಲ್ಲಿ ಗೆದ್ದವನ ಕಡೆಯಿಂದ ಆಡುತ್ತೀರಿ. ನಮ್ಮ ಊರು ಆಗ ಇನ್ನೊಂದು ಕಡೆ ಇತ್ತು. ಇದರ ಮೇಲೆ ನೀವೇ ಒಂದು ಸನ್ನಿವೇಶ ಮಾಡಬಹುದಲ್ವಾ? ಆ ಆಟದ ಜೊತೆಗೇ ಸನ್ನಿವೇಶ ಕಟ್ಟುವ ಎಡಿಟರ್ ಬರುತ್ತದೆ. ಕೋಡಿಂಗ್ ಗೊತ್ತಿಲ್ಲದಿದ್ದರೂ ಒಂದು ಊರು, ಒಂದು ಕೆರೆ, ಅದನ್ನು ಕಾಯುವ ಬಿಲ್ಲಾಳುಗಳು, ಇಷ್ಟು ಮಾಡಬಹುದು. ಇತಿಹಾಸ ಓದಿದವರು ಇದಕ್ಕೆ ಕೈ ಹಾಕಿದರೆ ಚೆನ್ನ.

ಪ್ರಶ್ನೆ: ರಾಣೆಬೆನ್ನೂರಿನವನು. ವೀರಗಲ್ಲಿನ ಆಯುಧಗಳನ್ನು ಫೋನಿನಲ್ಲಿ ಫೋಟೋ ತೆಗೆದು ತ್ರೀಡಿ ಮಾಡೆಲ್ ಮಾಡಬೇಕು ಅಂತಿದ್ದೇನೆ. ಎಲ್ಲಿಗೆ ಹೋಗಲಿ, ಹೇಗೆ ತೆಗೆಯಲಿ? ನಮ್ಮ ದೇವರಗುಡ್ಡದ ಬಿಲ್ಲನ್ನೂ ಗೇಮಿಗೆ ಹಾಕಬಹುದೇ?

ಉತ್ತರ: ಹಾನಗಲ್ಲಿನ ತಾರಕೇಶ್ವರ ಗುಡಿ, ಲಕ್ಕುಂಡಿಯ ವಸ್ತುಸಂಗ್ರಹಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ, ಇವು ನಿಮಗೆ ಹತ್ತಿರ. ವಸ್ತುಸಂಗ್ರಹಾಲಯದ ಒಳಗೆ ಫೋಟೋಕ್ಕೆ ಮೊದಲೇ ಅನುಮತಿ ಕೇಳಿ, ಸ್ಟ್ಯಾಂಡ್ ಇಡುವ ಹಾಗಿದ್ದರೆ ಗುಡಿಯಲ್ಲೂ ಕೇಳಿ. ಮಾಡೆಲ್ ಕಟ್ಟೋಕೆ ಮೋಡ ಕವಿದ ದಿನ ಒಳ್ಳೆಯದು, ನೆರಳು ಗಟ್ಟಿಯಾಗಿ ಬೀಳಲ್ಲ. ಕಲ್ಲಿನ ಸುತ್ತ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ತೆಗೆಯಿರಿ, ಒಂದು ಫೋಟೋದ ಅರ್ಧಕ್ಕಿಂತ ಜಾಸ್ತಿ ಭಾಗ ಮುಂದಿನದರಲ್ಲೂ ಬರಬೇಕು. ಸವೆದ ಗೆರೆ ಓದಬೇಕಾದರೆ ಮಾತ್ರ ಬೆಳಗಿನ ಓರೆ ಬಿಸಿಲಿನಲ್ಲಿ ಇನ್ನೊಮ್ಮೆ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಗೆರೆ ಕಾಣಲಿ ಅಂತ ಸುಣ್ಣ, ಬಳಪ, ಎಣ್ಣೆ ಏನನ್ನೂ ಕಲ್ಲಿಗೆ ಹಚ್ಚಬೇಡಿ, ದಯವಿಟ್ಟು. ಕೆಲವು ಊರಲ್ಲಿ ವೀರಗಲ್ಲಿಗೆ ಪೂಜೆ ನಡೆಯುತ್ತದೆ. ಅಲ್ಲಿ ಹಿರಿಯರನ್ನು ಕೇಳಿ, ಚಪ್ಪಲಿ ಬಿಟ್ಟು ಹೋಗಿ.

ದೇವರಗುಡ್ಡದ ಬಿಲ್ಲು ಬೇಡ ಅಂತ ನನ್ನ ಅಭಿಪ್ರಾಯ. ಜಾತ್ರೆಯಲ್ಲಿ ಗೊರವಪ್ಪ ಅದನ್ನು ಏರುವುದು ಕಾರಣಿಕ, ಅಂದರೆ ದೈವವಾಣಿ, ನುಡಿಯೋಕೆ. ಜನ ಅದಕ್ಕೆ ಕೈಮುಗಿಯುತ್ತಾರೆ. ಆಟಗಾರ ಪೆಟ್ಟಿಗೆ ಒಡೆದು ಎತ್ತಿಕೊಳ್ಳುವ ವಸ್ತು ಮಾಡಿದರೆ ಆ ಜನಕ್ಕೆ ನೋವಾಗುತ್ತದೆ. ಜಾತ್ರೆಯ ಒಂದು ದೃಶ್ಯ ಮಾಡಿ, ಅದರಲ್ಲಿ ಬಿಲ್ಲು ಏರುವುದನ್ನು ತೋರಿಸಿ, ಆಡುವವನ ಕೈಗೆ ಕೊಡಬೇಡಿ. ಮಾಡೆಲ್ ಆದ ಮೇಲೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಹುಬ್ಬಳ್ಳಿಯ ಹುಡುಗರಿಗೂ ಅದು ಬೇಕಾಗುತ್ತದೆ.