ಎರಡು 375 ಸೇರಿದರೆ ಒಂದು 625 ಆಗುವುದಿಲ್ಲ

ನಿಮ್ಮ ಹಲ್ಲಿನ ಬುಡದಲ್ಲಿ ಕೀವಾಗಿ ದವಡೆ ಊದಿದೆ. ಡಾಕ್ಟರು ಅಮಾಕ್ಸಿಸಿಲಿನ್-ಕ್ಲಾವುಲಾನೇಟ್ 625 ಅನ್ನುವ ಆ್ಯಂಟಿಬಯಾಟಿಕ್ ಮಾತ್ರೆಯನ್ನು ದಿನಕ್ಕೆ 3 ಸಲ, 5 ದಿನಕ್ಕೆ ಬರೆದಿದ್ದಾರೆ. ನಿಮ್ಮ ಅಣ್ಣನಿಗೆ ಸೈನಸ್ ಸೋಂಕಾದಾಗ ಇದೇ ಔಷಧಿ ದಿನಕ್ಕೆ 2 ಸಲ ಇತ್ತು. ಹಾಗಾದರೆ ನನಗೂ 2 ಸಲ ಸಾಕಲ್ವಾ, ಮನೆಯಲ್ಲಿ ಉಳಿದಿರುವ 375ರ ಮಾತ್ರೆ ಎರಡೆರಡು ನುಂಗಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ಮಲೆನಾಡಿನ ಊರೊಂದರಲ್ಲಿ ಫಾರ್ಮಸಿಸ್ಟ್. ಈ ಎರಡು ಪ್ರಶ್ನೆ ನನ್ನ ಕೌಂಟರಿಗೆ ವಾರಕ್ಕೊಮ್ಮೆಯಾದರೂ ಬರುತ್ತವೆ. ಎರಡಕ್ಕೂ ಉತ್ತರ: ಬೇಡ.

375ರ ವಿಷಯ ಮೊದಲು. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ. 625 ಅಂದರೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ಕ್ಲಾವುಲಾನಿಕ್ ಆಮ್ಲ 125. 375 ಅಂದರೆ ಅಮಾಕ್ಸಿಸಿಲಿನ್ 250, ಕ್ಲಾವುಲಾನಿಕ್ ಆಮ್ಲ ಮಾತ್ರ ಅದೇ 125. ಎರಡು 375 ನುಂಗಿದರೆ ಅಮಾಕ್ಸಿಸಿಲಿನ್ ಸರಿಯಾಗಿ 500 ಆಗುತ್ತದೆ, ಕ್ಲಾವುಲಾನಿಕ್ ಆಮ್ಲ ಎರಡು ಪಟ್ಟು ಹೋಗುತ್ತದೆ. ಮೂರು ಹೊತ್ತು ಹೀಗೆ ಮಾಡಿದರೆ ದಿನಕ್ಕೆ 375 ಮಿಲಿಗ್ರಾಂ ಹೋಗಬೇಕಾದ ಕಡೆ 750. ಹೊಟ್ಟೆ ತೊಳಸುವುದು, ಬೇಧಿ ಆಗುವುದು ಜಾಸ್ತಿ ಇದರಿಂದಲೇ.

ಆ ಕ್ಲಾವುಲಾನಿಕ್ ಆಮ್ಲ ಯಾಕೆ ಬೇಕು? ಕೆಲವು ಬ್ಯಾಕ್ಟೀರಿಯಾಗಳು ಒಂದು ಕಿಣ್ವ ತಯಾರಿಸಿ ಅಮಾಕ್ಸಿಸಿಲಿನ್ ಅನ್ನು ಒಡೆದು ಹಾಕುತ್ತವೆ. ಕ್ಲಾವುಲಾನಿಕ್ ಆಮ್ಲ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. 1981ರಲ್ಲಿ ಬ್ರಿಟನ್ನಿನ ಬೀಚಮ್ ಕಂಪನಿ ಆಗ್ಮೆಂಟಿನ್ ಹೆಸರಿನಲ್ಲಿ ತಂದದ್ದು ಇದೇ ಜೋಡಿಯನ್ನು. ಆ ಕೆಲಸಕ್ಕೆ ಒಂದು ಹೊತ್ತಿಗೆ 125 ಸಾಕು.

ಈಗ ಅಣ್ಣನ ಲೆಕ್ಕ. ಅವರ ಹಳೆಯ ಚೀಟಿ ಇದ್ದರೆ ನೋಡಿ, ಅದರಲ್ಲಿ 1 ಗ್ರಾಂ ಮಾತ್ರೆ ಇದ್ದಿರಬಹುದು. ಅದರಲ್ಲಿ ಅಮಾಕ್ಸಿಸಿಲಿನ್ 875, ಕ್ಲಾವುಲಾನಿಕ್ ಆಮ್ಲ 125. ಅದನ್ನು 12 ಗಂಟೆಗೊಂದು ಕೊಡುತ್ತಾರೆ, ದಿನಕ್ಕೆ ಅಮಾಕ್ಸಿಸಿಲಿನ್ 1750 ಆಯಿತು. ನಿಮ್ಮ 625 ಮೂರು ಸಲ ಅಂದರೆ 1500. ಅದನ್ನೇ ಎರಡು ಸಲಕ್ಕೆ ಇಳಿಸಿದರೆ ಬರೀ 1000. ಸಣ್ಣಪುಟ್ಟ ಸೋಂಕಿಗೆ 625 ಎರಡು ಸಲ ಬರೆಯುವುದೂ ಉಂಟು, ಆದರೆ ಊತ ನೋಡಿ ಅದನ್ನು ತೀರ್ಮಾನ ಮಾಡಬೇಕಾದವರು ಡಾಕ್ಟರು. ಈ ಔಷಧಿ ರಕ್ತದಲ್ಲಿ ಒಂದು ಗಂಟೆಗೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದಿನದಲ್ಲಿ ಎಷ್ಟು ಹೊತ್ತು ಅದು ಬೇಕಾದ ಮಟ್ಟದಲ್ಲಿ ಉಳಿಯುತ್ತದೆ ಅನ್ನುವುದರ ಮೇಲೆ ಅದರ ಕೆಲಸ ನಿಂತಿದೆ. ಹಾಗಾಗಿ ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಿ ಸರಿದೂಗಿಸಲು ಹೋಗಬೇಡಿ. ನೆನಪಾದ ಕೂಡಲೇ ಒಂದು ತೆಗೆದುಕೊಳ್ಳಿ. ಮುಂದಿನದಕ್ಕೆ ಹೊತ್ತು ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ.

ತಿಂಡಿಯ ಅಥವಾ ಊಟದ ಮೊದಲ ತುತ್ತಿನ ಜೊತೆ ನುಂಗಿ. ಹೊಟ್ಟೆಗೂ ಹಿತ, ಕ್ಲಾವುಲಾನಿಕ್ ಆಮ್ಲವನ್ನೂ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಬೆಳಿಗ್ಗೆ 7, ಮಧ್ಯಾಹ್ನ 2, ರಾತ್ರಿ 10ರ ಹಾಗೆ ಅಂತರ ಇಟ್ಟುಕೊಂಡರೆ ಸಾಕು.

ಇನ್ನೊಂದು ಮಾತು, ಇದನ್ನು ಹೇಳದೆ ಬಿಡಲು ಮನಸ್ಸಿಲ್ಲ. ಒಮ್ಮೆ ಜೋರು ಮಳೆಗಾಲದಲ್ಲಿ ಒಬ್ಬರು ಅಜ್ಜ ಪ್ಲಾಸ್ಟಿಕ್ ಮಾತ್ರೆ ಡಬ್ಬಿ ಹಿಡಿದು ಬಂದರು. ಮರೆಯಬಾರದು ಅಂತ ಮಗಳು ಐದು ದಿನದ ಮಾತ್ರೆಗಳನ್ನೂ ಸ್ಟ್ರಿಪ್ಪಿನಿಂದ ಬಿಡಿಸಿ ತುಂಬಿಟ್ಟಿದ್ದರು. ಬಿಳಿ ಮಾತ್ರೆ ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಿಗೆ ಜಿಗುಟು ಹತ್ತುತ್ತಿತ್ತು. ಕ್ಲಾವುಲಾನಿಕ್ ಆಮ್ಲ ತೇವ ಎಳೆದುಕೊಂಡು ಬೇಗ ಕೆಡುತ್ತದೆ, ಅದಕ್ಕೇ ಆ ದಪ್ಪ ಹಾಳೆಯ ಸ್ಟ್ರಿಪ್. ಎಷ್ಟೋ ಅಕ್ಕರೆಯಿಂದ ಮಾಡಿದ ಕೆಲಸ, ಮಾತ್ರೆಯೇ ಹಾಳು. ನುಂಗುವ ಹೊತ್ತಿಗೇ ಬಿಡಿಸಿ. ಮನೆಯಲ್ಲಿ ಉಳಿದ ಆ 375 ಎಷ್ಟು ಹಳೆಯದೋ, ಅದನ್ನಂತೂ ಮುಟ್ಟಬೇಡಿ.

ಡಾಕ್ಟರಿಗೆ ಇವನ್ನು ಹೇಳಿದ್ದೀರಾ? ಹಿಂದೆ ಪೆನಿಸಿಲಿನ್ ಗುಂಪಿನ (ಅಮಾಕ್ಸಿಸಿಲಿನ್ ಕೂಡ ಇದೇ ಗುಂಪು) ಯಾವುದೇ ಮಾತ್ರೆಗೆ ಮೈಮೇಲೆ ಗಂಧೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಈ ಮಾತ್ರೆ ಶುರು ಮಾಡುವ ಮುಂಚೆಯೇ ಫೋನ್ ಮಾಡಿ. ಹಿಂದೆ ಈ ಔಷಧಿಯಿಂದಲೇ ಕಾಮಾಲೆ ಬಂದಿದ್ದರೂ ಅಷ್ಟೇ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಪರೀಕ್ಷೆ ಬೇಗ ಮಾಡಿಸಬೇಕಾಗುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಡೋಸೇ ಬೇರೆ: ಇಜಿಎಫ್ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ರಕ್ತ ಪರೀಕ್ಷೆಯಿಂದ ಲೆಕ್ಕ ಹಾಕುವ ಅಂಕಿ) 30ಕ್ಕಿಂತ ಕೆಳಗಿದ್ದರೆ 1 ಗ್ರಾಂ ಮಾತ್ರೆ ಕೊಡುವುದಿಲ್ಲ, 625 ಕೊಟ್ಟರೂ ದಿನಕ್ಕೆ 2 ಸಲಕ್ಕೆ ಇಳಿಸುತ್ತಾರೆ, 10ಕ್ಕಿಂತ ಕೆಳಗೆ ಇನ್ನೂ ಕಡಿಮೆ. ಸ್ವಲ್ಪ ಬೇಧಿ ಸಾಮಾನ್ಯ. ನೀರಿನಂತೆ ನಿಲ್ಲದೆ ಹೋದರೆ, ರಕ್ತ ಕಂಡರೆ, ಕಣ್ಣು ಹಳದಿಯಾದರೆ ಕೂಡಲೇ ತೋರಿಸಿ. ಕಣ್ಣು ಹಳದಿಯಾಗುವುದು ಮಾತ್ರೆ ಮುಗಿದು ಕೆಲವು ವಾರದ ಮೇಲೂ ಬರಬಹುದು.

ಹಲ್ಲಿನ ಕೀವು ಬರೀ ಮಾತ್ರೆಗೆ ಹೋಗುವುದಿಲ್ಲ. ಕೀವು ತೆಗೆಯಬೇಕು, ರೂಟ್ ಕೆನಾಲ್ ಮಾಡಬೇಕು, ಇಲ್ಲವೇ ಹಲ್ಲು ಕೀಳಬೇಕು. ನೋವು ಇಳಿಯಿತು ಅಂತ ಆ ಅಪಾಯಿಂಟ್‌ಮೆಂಟ್ ಬಿಡಬೇಡಿ. 2-3 ದಿನಕ್ಕೂ ಊತ ಇಳಿಯದಿದ್ದರೆ ಡಾಕ್ಟರಿಗೆ ಮತ್ತೆ ತೋರಿಸಿ. ಊತ ಕಣ್ಣಿನ ಕಡೆಗೋ ಕುತ್ತಿಗೆಗೋ ಹಬ್ಬಿದರೆ, ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟವಾದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.